ಗಿಣಿಯ ಬಾಯಲ್ಲಿ ಸತ್ತವಳು

ಹಿಗಿನಿಯೋ ತೆರ್ರಿ ಬದುಕಿನಲ್ಲಿ ತಿಂದ ಮೊದಲ ದೊಡ್ಡ ಏಟು ಸಾಂತಾ ರೂಫಿನಾ ಸಕ್ಕರೆ ಮಿಲ್ಲಿನ ಮೇಸ್ತ್ರಿಯದು. ಕಬ್ಬಿನ ಗಾಡಿಯ ಹಿಂದೆ ಅಡಗಿ, ಆ ಮೇಸ್ತ್ರಿಯ ಮೂಗುದನಿಯಲ್ಲೇ "ಇವತ್ತಿಗ್ ಸಾಕು, ಮನೆಗ್ ಹೋಗ್ರೋ" ಎಂದು ಕೂಗಿದ್ದ. ಇಡೀ ಗ್ಯಾಂಗು ಮಚ್ಚು ಒರೆಸಿಕೊಂಡು ಮನೆ ಸೇರಿತು. ಮೇಸ್ತ್ರಿ ಎತ್ತಿನ ಬಾರುಕೋಲು ತಂದು ಹುಡುಗನ ಬೆನ್ನಿನ ಚರ್ಮ ಬಿಡಿಸಿದ. ಹುಡುಗ ಅತ್ತದ್ದೂ ಮೇಸ್ತ್ರಿಯ ಮೂಗುದನಿಯಲ್ಲೇ ಎಂದು ಲೈನುಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಆ ಗಾದೆ ಮಾಡಿದವನು ಹಿಗಿನಿಯೋನನ್ನು ಕಂಡಿರಲಿಲ್ಲ. ಇವನಿಗೆ ಮಾತೇ ಜಗಳ, ಜಗಳವೇ ಕಸುಬು. ಜನ ಇವನನ್ನು ಗಿಣಿ ಎಂದು ಕರೆದರು. ಮುಂದೆ ಮಿಲ್ಲಿನ ಬೇಸ್‌ಬಾಲ್ ತಂಡದಲ್ಲಿ ಕ್ಯಾಚರ್ ಆದಾಗ ಗಿಣಿಗೆ ಪಂಜರವೂ ಸಿಕ್ಕಿತು, ಮುಖಕ್ಕೆ ಕಟ್ಟುವ ತಂತಿಯ ಪಂಜರ.

ಚೆಂಡು ಹಿಡಿಯುವ ಕ್ಯಾಚರ್ ಕೂರುವುದು ಬ್ಯಾಟು ಹಿಡಿದವನ ಬೆನ್ನ ಹಿಂದೆ, ಕುಕ್ಕರುಗಾಲಿನಲ್ಲಿ. ಬ್ಯಾಟಿನವನ ಕಣ್ಣು ಎದುರಿನಿಂದ ಚೆಂಡು ಎಸೆಯುವ ಪಿಚರ್ ಮೇಲೆ, ಕಿವಿ ಮಾತ್ರ ಹಿಂದಿನವನಿಗೆ ಬಿಟ್ಟದ್ದು. ಆ ಕಿವಿಯಲ್ಲಿ ಗಿಣಿ ಬಿತ್ತುತ್ತಿದ್ದ ಬೀಜಗಳೇ ಬೇರೆ. ಸಾಲ ಕೊಟ್ಟ ಅಂಗಡಿಯವನಾಗಿ ಕೆಮ್ಮುವನು. ಪಾದ್ರಿಯಾಗಿ "ಮಗೂ, ನಿನ್ ಹೆಂಡ್ತಿ ನಿನ್ನೆ ಪಾಪನಿವೇದನೆಗೆ ಬಂದಿದ್ಲು, ಬಹಳ ಹೊತ್ತು ಹಿಡೀತು" ಎಂದು ನಿಟ್ಟುಸಿರು ಬಿಡುವನು. ಚೆಂಡು ಬರುವ ಹೊತ್ತಿಗೆ ಬ್ಯಾಟಿನವನು ಹೆಂಡತಿಯ ಪಾಪ ಎಣಿಸುತ್ತಿರುತ್ತಿದ್ದ. ಆಟ ಮುಗಿದ ಮೇಲೆ ಅವರು ಇವನನ್ನು ಕಬ್ಬಿನ ತೂಕದ ಮನೆಯ ಹಿಂದೆ ಹಿಡಿದು ತುಳಿಯುತ್ತಿದ್ದರು. ಗಿಣಿ ಎರಡು ಹಲ್ಲು ಉಗಿದು, ತುಳಿದವನ ದನಿಯಲ್ಲೇ ಅವನಿಗೆ ಥ್ಯಾಂಕ್ಸ್ ಹೇಳಿ, ಕುಂಟುತ್ತ ಮನೆಗೆ ಹೋಗುತ್ತಿದ್ದ.

ಹವಾನಾದ ಕ್ಲಬ್ಬಿನವನು ಆಟಗಾರರನ್ನು ಆರಿಸಲು ಬಂದ ಭಾನುವಾರದ ವಿಷಯಕ್ಕೆ ಬರೋಣ.

ಎದುರಾಳಿ ಪಕ್ಕದ ಸೊಕೋರೋ ಮಿಲ್ಲಿನ ತಂಡ. ಅವರ ಕೈಲಿದ್ದದ್ದು ಉಲ್ಪಿಯಾನೋ ಸಾಯಾಸ್ ಎಂಬ ಬ್ಯಾಟುಗಾರ, ಕಬ್ಬು ಕಡಿಯುವವನು, ಮಚ್ಚು ಬೀಸಿದಂತೆಯೇ ಬ್ಯಾಟು ಬೀಸುವವನು. ಅವನ ತಾಯಿ ಫ್ರೊಯ್ಲಾನಾ ಮೈದಾನದ ಬದಿಯಲ್ಲಿ ಒಲೆ ಹೂಡಿ ಅಲಸಂದೆ ವಡೆ ಕರಿಯುತ್ತಿದ್ದಳು. ಮಗ ಬ್ಯಾಟು ಹಿಡಿದು ನಿಂತಾಗಲೆಲ್ಲ ಅವಳು ಒಲೆಯ ಬಳಿಯಿಂದ ಕೂಗುವಳು: "ಉಲ್ಪೀ... ಇಲ್ ನೋಡೋ ಮಗನೇ." ಕೊನೆಯ ಅಕ್ಷರ ಬಾವಿಯ ರಾಟೆಯ ಹಾಗೆ ಕಿರ್ರೆನ್ನುವುದು. ಅಷ್ಟು ದೊಡ್ಡ ಗಂಡಸು ಪಿಚರ್‌ನನ್ನು ಕಾಯಿಸಿ ಹಿಂದೆ ತಿರುಗುವನು. ಅವಳು ಎಣ್ಣೆಯ ಕೈಯಲ್ಲೇ ಗಾಳಿಯಲ್ಲಿ ಶಿಲುಬೆ ಬರೆದು ಹರಸುವಳು. ಆಮೇಲೇ ಆಟ. ಎರಡೂ ಮಿಲ್ಲಿನವರು ಇದನ್ನು ಹತ್ತು ವರ್ಷದಿಂದ ಕಂಡಿದ್ದರು, ನಕ್ಕಿದ್ದರು, ಆ ವಡೆ ತಿಂದಿದ್ದರು.

ಫ್ರೊಯ್ಲಾನಾ ಆ ಸುಗ್ಗಿಯಲ್ಲೇ ಜ್ವರ ಬಂದು ಸತ್ತಿದ್ದಳು. ಅವಳ ಒಲೆಯ ಕಲ್ಲು ಮೈದಾನದ ಬದಿಯಲ್ಲಿ ಕರಿ ಹಿಡಿದು ಹಾಗೇ ಇತ್ತು.

ಆಟ ಕೊನೆಯ ಸುತ್ತಿಗೆ ಬಂದಾಗ ಸಾಂತಾ ರೂಫಿನಾ ಒಂದೇ ಒಂದು ಓಟದಿಂದ ಮುಂದಿತ್ತು. ಉಲ್ಪಿಯಾನೋನೊಬ್ಬನನ್ನು ಔಟ್ ಮಾಡಿದರೆ ಗೆಲುವು. ಸೊಕೋರೋದವರು ಇಬ್ಬರು ಆಗಲೇ ಓಡಲು ಕಾದಿದ್ದರು, ಅವನು ಬಾರಿಸಿದರೆ ಸೋಲು. ಅವನು ಆಗಲೇ ಎರಡು ಸಲ ಬಾರಿಸಿದ್ದ. ಗಿಣಿಯ ಪಿಚರ್ ಸೆವೆರೋ ಮೊರೆಹೋನ್, ಹೆಸರಲ್ಲಿ ಮೊರೆ ಇದ್ದರೂ ಬಾಯಲ್ಲಿ ಮೊರೆಯಿಲ್ಲದ ಮೌನಿ. ಅವನ ಚೆಂಡಿಗೆ ಮಾತ್ರ ನಾಲಿಗೆ ಇತ್ತು, ಬೆಂಕಿಯದು. ಹವಾನಾದವನು ಬಿಳಿ ಹ್ಯಾಟು ಹಾಕಿ ಕಾರಿಗೆ ಒರಗಿ ನಿಂತಿದ್ದ. ಗಿಣಿಗೆ ಗೊತ್ತಿತ್ತು, ಇವತ್ತು ಸೋತರೆ ತಾನು ಸಾಯುವವರೆಗೆ ಕಬ್ಬಿನ ಗಾಡಿ ತುಂಬಬೇಕು.

ಎದೆಯ ಹತ್ತಿರಕ್ಕೆ ಹಾಕು ಎಂದು ಗಿಣಿ ಬೆರಳಲ್ಲಿ ಸನ್ನೆ ಮಾಡಿದ. ಸೆವೆರೋ ತಲೆಯಾಡಿಸಿದ. ಕೈ ಎತ್ತಿದ. ಚೆಂಡು ಅವನ ಬೆರಳು ಬಿಡುವ ಕ್ಷಣಕ್ಕೆ ಸರಿಯಾಗಿ ಪಂಜರದೊಳಗಿಂದ, ಮೆಲ್ಲಗೆ, ಕೊನೆಗೆ ರಾಟೆ ಕಿರ್ರೆಂದಂತೆ, ದನಿ ಬಂತು.

"ಉಲ್ಪೀ... ಇಲ್ ನೋಡೋ ಮಗನೇ."

ಉಲ್ಪಿಯಾನೋ ತಿರುಗಿದ. ಬರಿಯ ಕುತ್ತಿಗೆಯಲ್ಲ, ಇಡೀ ಮೈ ಹಿಂದಕ್ಕೆ ಬಾಗಿ ತಿರುಗಿತು, ಹರಕೆ ಪಡೆಯುವವನ ಹಾಗೆ. ಎದೆಯ ಮುಂದೆ ಹಾಯಬೇಕಿದ್ದ ಚೆಂಡು ಎಡಗಿವಿಯ ಹಿಂದೆ ಬಡಿಯಿತು. ಎಳನೀರು ಕೆತ್ತುವಾಗ ಮಚ್ಚು ಚಿಪ್ಪಿಗೆ ತಾಗಿದರೆ ಬರುತ್ತದಲ್ಲ, ಅದೇ ಸದ್ದು. ಅವನು ಬೀಳುವಾಗ ಮುಖದಲ್ಲಿ ಇನ್ನೂ ನಗು ಇತ್ತು. ಕಿವಿಯಿಂದ ಮೊದಲು ನೀರಿನಂಥದ್ದು ಬಂತು, ಹಿಂದೆಯೇ ರಕ್ತ.

ಅಂಪೈರ್ ಕಿವಿಮಂದದ ಮುದುಕ, ಅವನಿಗೆ ಏನೂ ಕೇಳಿಸಿರಲಿಲ್ಲ. ಜನರಿಗೆ ಕಂಡದ್ದು ಒಂದೇ: ಸೆವೆರೋ ಎಸೆದ, ಉಲ್ಪಿಯಾನೋ ಬಿದ್ದ. ಭಾನುವಾರವಾದರೂ ಸುಗ್ಗಿಯಲ್ಲಿ ಕಬ್ಬಿನವರ ಸೊಂಟದಲ್ಲಿ ಮಚ್ಚು ಇರುತ್ತದೆ. ಉಲ್ಪಿಯಾನೋನ ಅಣ್ಣ ಎಲ್ಲರಿಗಿಂತ ಮುಂಚೆ ಓಡಿದ. ಸೆವೆರೋ ಓಡಲಿಲ್ಲ, ತಾನು ತಲೆಗೆ ಗುರಿಯಿಟ್ಟಿರಲಿಲ್ಲ ಎಂದು ಹೇಳಲು, ಮಾತು ಕಡಿಮೆಯವನು, ಎರಡೂ ಕೈ ಎತ್ತಿ ತೋರಿಸಿದ. ಮಚ್ಚು ಆ ಎತ್ತಿದ ಬಲಗೈಗೇ ಇಳಿಯಿತು. ಎರಡು ಬೆರಳು ಕೆಂಪು ಮಣ್ಣಿನಲ್ಲಿ ಬಿದ್ದವು. ಅಣ್ಣ ಇನ್ನೊಮ್ಮೆ ಎತ್ತುವಷ್ಟರಲ್ಲಿ ಕುದುರೆ ಪೊಲೀಸರು ಜನರ ಮೇಲೆ ಕುದುರೆ ನುಗ್ಗಿಸಿ, ಉದ್ದ ಕತ್ತಿಯ ಚಪ್ಪಟೆ ಮೈಯಿಂದ ಸಿಕ್ಕಸಿಕ್ಕವರ ಬೆನ್ನಿಗೆ ಬೀಸತೊಡಗಿದರು. ಹೆಂಗಸರು, ಮುದುಕರು, ಐಸ್ ಮಾರುವವನು, ಯಾರಿಗೂ ರಿಯಾಯಿತಿ ಇರಲಿಲ್ಲ. ಒಬ್ಬನ ಕಿವಿ ಹರಿಯಿತು. ಗಾಬರಿಯಾದ ಕುದುರೆಯೊಂದು ಫ್ರೊಯ್ಲಾನಾಳ ಒಲೆಗಲ್ಲನ್ನು ಒದ್ದು ಉರುಳಿಸಿತು.

ಗಿಣಿ ಪಂಜರದೊಳಗೆ ಕುಕ್ಕರುಗಾಲಿನಲ್ಲೇ ಕೂತಿದ್ದ. ಎರಡು ಪದ ಸಾಕಿತ್ತು: ನಾನು ಕರೆದೆ. ಊರಿನವರ ದನಿಯೆಲ್ಲ ಬಾಯಲ್ಲಿದ್ದವನಿಗೆ ಆ ಎರಡು ಪದ ಬರಲಿಲ್ಲ.

ಹವಾನಾದವನು ಕಾರಿನ ಕಿಟಕಿ ಅರ್ಧ ಇಳಿಸಿ, ಗುರುವಾರ ಬಂದು ಕಾಣು ಎಂದು ಗಿಣಿಗೆ ಹೇಳಿ ಹೊರಟುಹೋದ. ಅವನು ನೋಡಲು ಬಂದದ್ದು ನಿಜಕ್ಕೂ ಸೆವೆರೋನನ್ನಂತೆ. ಬೆರಳಿಲ್ಲದ ಪಿಚರ್‌ಗಿಂತ ಬಾಯಿರುವ ಕ್ಯಾಚರ್ ವಾಸಿ ಅನ್ನಿಸಿರಬೇಕು.

ಹವಾನಾದಲ್ಲಿ ಗಿಣಿ ಮೆರೆದ. ಚಳಿಗಾಲದ ಪಂದ್ಯಗಳಿಗೆ ಜನ ಆಟ ನೋಡಲು ಎಷ್ಟು ಬರುತ್ತಿದ್ದರೋ ಗಿಣಿ ಇವತ್ತು ಯಾರ ಬಾಯಲ್ಲಿ ಮಾತಾಡುತ್ತಾನೆಂದು ಕೇಳಲೂ ಅಷ್ಟೇ ಬರುತ್ತಿದ್ದರು. ಏಟಿನ ಸಂಬಳವೂ ಹೆಚ್ಚಾಯಿತು. ಅಮೆರಿಕದಿಂದ ಬಂದ ಒಬ್ಬ ಆಟಗಾರ ತನ್ನ ತೊದಲನ್ನು ಅಣಕಿಸಿದನೆಂದು ಹೆಲ್ಮೆಟ್ಟಿಲ್ಲದ ಇವನ ನೆತ್ತಿಯ ಮೇಲೆ ಬ್ಯಾಟಿನ ಹಿಡಿ ಕುಟ್ಟಿದ. ಇನ್ನೊಬ್ಬ ಓಡಿಬಂದು ಜಾರುವಾಗ ಬೂಟಿನ ಮೊಳೆಗಳನ್ನು ಬೇಕೆಂದೇ ತೊಡೆಗೆ ನೆಟ್ಟ, ಮಾಂಸ ಎರಡು ಹೋಳಾಗಿ ತೆರೆದುಕೊಂಡಿತು. ಪ್ರೇಕ್ಷಕರು ಕೂರುವ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಗಿಣಿಯೂ ಸುಮ್ಮನಿರಲಿಲ್ಲ. ಒಬ್ಬನ ಮೂಗು ಮುರಿದ, ಒಬ್ಬನ ಕಿವಿಯ ತುದಿ ಕಚ್ಚಿ ಉಗಿದ. ಚೆಂಡು ಹಿಡಿದೂ ಹಿಡಿದೂ ಬೆರಳುಗಳು ಶುಂಠಿಗೆಡ್ಡೆಯಂತೆ ಗಂಟುಗಂಟಾದವು. ಎಲ್ಲ ದನಿಗಳನ್ನೂ ಮಾಡಿದ, ಹೆಂಗಸಿನ ದನಿ ಮಾತ್ರ ಮಾಡಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, ಹೆಂಗಸರ ಮಾತಿಗೆ ನಾನು ಬಾಯಿ ಹಾಕಲ್ಲ ಎಂದು ನಗಿಸಿ ತಪ್ಪಿಸಿಕೊಳ್ಳುತ್ತಿದ್ದ.

ಸೆವೆರೋನೂ ಹವಾನಾಕ್ಕೇ ಬಂದ. ಮೈದಾನದ ಮುಖ್ಯ ಬಾಗಿಲಲ್ಲಿ, ಉಳಿದ ಮೂರು ಬೆರಳಿನಿಂದ ಕಾಗದದ ಪೊಟ್ಟಣ ಸುತ್ತಿ ಹುರಿದ ಕಡಲೆಕಾಯಿ ಬೀಜ ಮಾರುತ್ತಿದ್ದ. ಗಿಣಿ ಹಿಂದಿನ ಬಾಗಿಲಿನಿಂದ ಓಡಾಡಲು ಕಲಿತ. ಒಮ್ಮೆ ಎದುರಾದಾಗ ಸೆವೆರೋ ತಡೆದು ನಿಲ್ಲಿಸಿದ.

"ನಾನು ಅವನ ತಲೆಗ್ ಬಿಟ್ಟಿರ್ಲಿಲ್ಲ ಕಣೋ ಗಿಣಿ. ನೀನಾದ್ರೂ ನೋಡಿದೀಯಲ್ಲ."

ಗಿಣಿ ರೇಡಿಯೋದವನ ದನಿಯಲ್ಲಿ, "ನೋಡಿದ್ದೇವೆ, ಪ್ರಿಯ ಕೇಳುಗರೇ" ಎಂದ. ಸೆವೆರೋ ನಗಲಿಲ್ಲ. ಪೊಟ್ಟಣದ ತುದಿ ಮಡಿಸುತ್ತ ಅಲ್ಲೇ ನಿಂತ.

ಉಲ್ಪಿಯಾನೋ ಸತ್ತಿರಲಿಲ್ಲ. ತಿಂಗಳುಗಟ್ಟಲೆ ಮಲಗಿ ಎದ್ದ. ಎಡಗಿವಿ ಸತ್ತಿತ್ತು, ತಲೆಯ ಮೂಳೆ ಆ ಕಡೆ ಕುಳಿ ಬಿದ್ದಿತ್ತು. ಮತ್ತೆ ಕಬ್ಬು ಕಡಿದ, ಮತ್ತೆ ಬ್ಯಾಟು ಹಿಡಿದ, ಒಂದೊಂದೇ ಊರಿನ ತಂಡ ಹತ್ತಿ, ಏಳು ವರ್ಷದ ಮೇಲೆ ಹವಾನಾದ ಎದುರಾಳಿ ಕ್ಲಬ್ಬಿಗೆ ಬಂದು ಸೇರಿದ. ಪೇಪರಿನಲ್ಲಿ ಹೆಸರು ಓದಿದ ದಿನ ಗಿಣಿ ಮನಸ್ಸಿನಲ್ಲೇ ಬ್ಯಾಟಿನ ಲೆಕ್ಕ ಹಾಕಿದ. ಬ್ಯಾಟಿನವನು ಜೋರಾಗಿ ಬೀಸಿದರೆ ಬ್ಯಾಟು ಸುತ್ತು ತಿರುಗಿ ಕ್ಯಾಚರ್ ತಲೆಯ ಹತ್ತಿರ ಬರುತ್ತದೆ. ಒಂದು ಗೇಣು ಹೆಚ್ಚು ತಿರುಗಿದರೆ ಅದಕ್ಕೆ ಕೇಸಿಲ್ಲ, ಕಟ್ಟಳೆಯಿಲ್ಲ. ಆಕಸ್ಮಿಕ ಅನ್ನುತ್ತಾರೆ.

ಪಂದ್ಯದ ದಿನ ಉಲ್ಪಿಯಾನೋ ಬ್ಯಾಟು ಹಿಡಿದು ಬಂದು, ಟೋಪಿ ಮುಟ್ಟಿ, ಗಿಣಿಯನ್ನು ನೋಡಿ ನಕ್ಕ. ಕುರಿಯನ್ನು ನೋಡಿ ಕಟುಕ ನಗುವುದು ಹೀಗೇ ಅಂದುಕೊಂಡ ಗಿಣಿ. ಮೊದಲ ಬೀಸಿಗೇ ಬ್ಯಾಟು ಸುತ್ತಿ ಬಂದು ಪಂಜರಕ್ಕೆ ತಾಗಿ ಒಂದು ತಂತಿ ಬಗ್ಗಿತು. "ತಾಗ್ತಾ?" ಎಂದು ಉಲ್ಪಿಯಾನೋ ಕೇಳಿದ. ಗಿಣಿ ತಂತಿ ನೆಟ್ಟಗೆ ಮಾಡಿಕೊಂಡ. ಎರಡನೆಯ ಸಲ ಬಂದಾಗ ಉಲ್ಪಿಯಾನೋ ಪೂರ್ತಿ ಹಿಂದೆ ತಿರುಗಿ, ಏನನ್ನೋ ಕಾಯುವವನಂತೆ ನಿಂತ. ಗಿಣಿಯ ಬಾಯಿ ಹೊಲಿದಂತಿತ್ತು. ಕಾಸು ಕೊಟ್ಟು ಬಂದ ಜನ ಸಿಳ್ಳೆ ಹಾಕಿದರು. ಗಿಣಿಗೆ ಮೆಣಸಿನಕಾಯಿ ತಿನ್ನಿಸ್ರೋ ಎಂದು ಯಾರೋ ಮೇಲಿನಿಂದ ಕೂಗಿದರು, ಒಂದು ಬಾಟಲಿ ಹಾರಿಬಂದು ಅವನ ಭುಜದ ಮೇಲೆ ಒಡೆಯಿತು. ಗಾಜು ಕುತ್ತಿಗೆಯೊಳಗೆ ಇಳಿದು ರಕ್ತ ಬೆನ್ನಿಗೆ ಹರಿಯುತ್ತಿದ್ದರೂ ಅವನು ಕಣ್ಣು ಕದಲಿಸದೆ ಆ ಬ್ಯಾಟನ್ನೇ ನೋಡುತ್ತಿದ್ದ.

ಮೂರನೆಯ ಸಲ ಉಲ್ಪಿಯಾನೋ ಮುಖ ಪಿಚರ್ ಕಡೆಗೇ ಇಟ್ಟುಕೊಂಡು ಮಾತಾಡಿದ. ಎಡಗಿವಿ ಸತ್ತವನು ಅಲ್ಲಿ ನಿಂತರೆ, ಬದುಕಿರುವ ಬಲಗಿವಿ ಕ್ಯಾಚರ್ ಪಾಲಿಗೇ ಬರುತ್ತದೆ.

"ಯಾಕ್ ಮಾತಾಡಲ್ಲ? ಇಷ್ಟು ವರ್ಷದಿಂದ ಕಾಯ್ತಿದೀನಿ."

ಗಿಣಿ ಪಿಚರ್‌ಗೆ ಬೆರಳಲ್ಲಿ ಸನ್ನೆ ಮಾಡಿದ.

"ಅವತ್ತು ಅಮ್ಮ ನಿನ್ ಮೈಮೇಲ್ ಬಂದಿದ್ಲು. ಏನೋ ಹೇಳೋಕ್ ಬಂದ್ಲು, ಅಷ್ಟ್ರಲ್ಲಿ ಚೆಂಡು ಬಿತ್ತು. ಆಮೇಲ್ ಎಷ್ಟು ಸಲ ಕೂತ್ವಿ ಗೊತ್ತಾ, ಮೇಣದಬತ್ತಿ, ನೀರಿನ ಲೋಟ, ಎಲ್ಲಾ ಇಟ್ಟು. ಎಲ್ಲರ ಮನೆ ಸತ್ತೋರೂ ಬರ್ತಾರೆ. ನಮ್ಮಮ್ಮ ಬರಲ್ಲ. ಅವಳು ಹತ್ತೋ ಕುದುರೆ ನೀನೊಬ್ನೇ."

ಸತ್ತವರು ಯಾರ ಮೈಮೇಲೆ ಬರುತ್ತಾರೋ ಅವನನ್ನು ಆ ಕಡೆ ಕುದುರೆ ಅನ್ನುತ್ತಾರೆ. ಗಿಣಿಗೆ ತಿಳಿಯಲು ಒಂದು ಚೆಂಡು ಬಂದು ಹೋಗುವಷ್ಟು ಹೊತ್ತು ಹಿಡಿಯಿತು. ಇವನು ಕೊಲ್ಲಲು ಬಂದಿಲ್ಲ. ಏಳು ವರ್ಷ ತಾನು ಹೆದರಿದ್ದು ತನ್ನನ್ನು ಪೂಜಿಸುವವನಿಗೆ. ಹೊಟ್ಟೆಯೊಳಗಿಂದ ನಗು ಉಕ್ಕಿತು. ಅದರ ಬೆನ್ನಿಗೇ ಉಪಾಯವೂ ಉಕ್ಕಿತು.

"ಏನ್ ಹೇಳೋಕ್ ಬಂದಿದ್ಲು? ಅದೊಂದು ಹೇಳ್ಸು, ತಮ್ಮಾ," ಎಂದ ಉಲ್ಪಿಯಾನೋ.

ಗಿಣಿ ಕಣ್ಣು ಮುಚ್ಚಿದ. "ಉಲ್ಪೀ... ಇಲ್ ನೋಡೋ ಮಗನೇ." ರಾಟೆ ಕಿರ್ರೆಂದಿತು, ಇಷ್ಟು ವರ್ಷ ಮುಟ್ಟದಿದ್ದರೂ ತುಕ್ಕು ಹಿಡಿದಿರಲಿಲ್ಲ. "ಪಕ್ಕಕ್ ಸರಿ ಅನ್ನೋಕ್ ಕರೆದೆ ಕಣಪ್ಪ. ನಿನ್ ತಲೆ ಉಳ್ಸೋಕೆ."

ಉಲ್ಪಿಯಾನೋನ ಹೆಗಲು ಹೊರೆ ಇಳಿಸಿದಂತೆ ಕೆಳಗಿಳಿಯಿತು. ಹಿಂದೆ ನಿಂತಿದ್ದ ಅಂಪೈರ್, ಕಿವಿ ನೆಟ್ಟಗಿದ್ದವನು, ಎದೆಯ ಮೇಲೆ ಶಿಲುಬೆ ಮಾಡಿಕೊಂಡ. ಮುಂದಿನ ಚೆಂಡನ್ನು ಉಲ್ಪಿಯಾನೋ ಎಷ್ಟು ದೂರ ಬಾರಿಸಿದನೆಂದರೆ ಯಾರೂ ಅದರ ಹಿಂದೆ ಓಡಲಿಲ್ಲ. ಬ್ಯಾಟು ಅಲ್ಲೇ ಎಸೆದು, ಅಳುತ್ತ, ಗೂಳಿಯಂತೆ ಸುತ್ತು ಓಡಿ ಮತ್ತೆ ಹೊರಟಲ್ಲಿಗೇ, ನೆಲಕ್ಕೆ ಹೂತ ಬಿಳಿ ಪ್ಲೇಟಿಗೆ ಬಂದವನು ಅದನ್ನು ತುಳಿದು ಮುಂದೆ ಹೋಗಲಿಲ್ಲ. ಗಿಣಿಯ ಮುಂದೆ ಮಂಡಿಯೂರಿದ. ಟೋಪಿ ತೆಗೆದ. ಗಿಣಿಯ ಬಲಗೈ ಹಿಡಿದು ತನ್ನ ತಲೆಯ ಎಡಗಡೆಗೆ ಒತ್ತಿಕೊಂಡ.

"ಹರಸಮ್ಮಾ."

ಗಿಣಿಯ ಗಂಟು ಬಿದ್ದ ಬೆರಳುಗಳು ಕುಳಿಯೊಳಗೆ ಇಳಿದವು. ಕೋಳಿಮೊಟ್ಟೆ ಇಡಬಹುದಾದಷ್ಟು ಕುಳಿ. ತೆಳ್ಳನೆಯ ಚರ್ಮದ ಕೆಳಗೆ ನಾಡಿ ಬಡಿಯುತ್ತಿತ್ತು.

"ನಾಳೆ ಮನೆಗ್ ಬಾ," ಎಂದ ಉಲ್ಪಿಯಾನೋ, ತಲೆ ಎತ್ತದೆ. "ಅಕ್ಕಂದ್ರೆಲ್ಲ ಕಾಯ್ತಿದಾರೆ. ಅಣ್ಣನೂ ಬರ್ತಾನೆ. ಆ ಪಿಚರ್ ಕೈ ಕಡಿದಿದ್ದು ಸರೀನಾ ಅಂತ ಅಮ್ಮನ್ನೇ ಕೇಳ್ಬೇಕಂತೆ. ಏಳು ವರ್ಷದಿಂದ ಅವನಿಗ್ ನಿದ್ದೆ ಇಲ್ಲ."

ಸರಿ ಅನ್ನಬಹುದಿತ್ತು. ಬಾಯಿ ತೆರೆದ. ಪಾದ್ರಿಯನ್ನು ಕರೆದ, ಬರಲಿಲ್ಲ. ರೇಡಿಯೋದವನು ಬರಲಿಲ್ಲ. ಮೇಸ್ತ್ರಿ ಬರಲಿಲ್ಲ. ಮೂರು ಬೆರಳಲ್ಲಿ ಪೊಟ್ಟಣ ಸುತ್ತುವ ಕೈಯೊಂದೇ ಕಣ್ಣೆದುರು ನಿಂತಿತ್ತು. ಗಿಣಿ ಎಡಗೈಯಿಂದ ಪಂಜರ ಕಿತ್ತು ನೆಲಕ್ಕೆ ಹಾಕಿದ. ಆಮೇಲೆ ಬಂದ ದನಿ ಒಡಕಲು, ಸಣ್ಣದು, ಯಾರದೂ ಅಲ್ಲದ್ದು.

"ನಿಮ್ಮಮ್ಮ ಬಂದಿರ್ಲಿಲ್ಲ ಉಲ್ಪಿಯಾನೋ. ಅವತ್ತೂ ಇಲ್ಲ, ಈಗ್ಲೂ ಇಲ್ಲ. ನಾನೇ ಕರೆದೆ, ನೀನು ತಿರುಗ್ಲಿ ಅಂತ. ಸೆವೆರೋ ಚೆಂಡು ನೆಟ್ಟಗೇ ಇತ್ತು."

ಉಲ್ಪಿಯಾನೋ ಮಂಡಿಯ ಮೇಲೇ ಇದ್ದ. ಕೈ ಇನ್ನೂ ಬಿಟ್ಟಿರಲಿಲ್ಲ.

"ಇನ್ನೊಂದ್ ಸಲ ಹೇಳು," ಎಂದ.

ಗಿಣಿ ಇನ್ನೊಂದು ಸಲ ಹೇಳಿದ.

ಎಸೆದ ಬ್ಯಾಟು ಮಾರು ದೂರದಲ್ಲೇ ಬಿದ್ದಿತ್ತು. ಬದುಕಿಡೀ ಬ್ಯಾಟುಗಳನ್ನು ಕೆಳಗಿನಿಂದ ನೋಡಿದವನು ಗಿಣಿ. ಕೈ ಯಾವಾಗ ನೆಲಕ್ಕೆ ಹೋಯಿತು, ಸೊಂಟ ಯಾವ ಕಡೆ ತಿರುಗಿತು, ಏಟು ಎಲ್ಲಿಗೆ ಬರುತ್ತದೆ, ಎಲ್ಲ ಅವನಿಗೆ ಕಂಡಿತು. ಕ್ಯಾಚರ್ ಕೈ ರೆಪ್ಪೆಗಿಂತ ಮೊದಲು ಮೇಲೇಳುತ್ತದೆ. ಅವನು ಎರಡೂ ಕೈಯನ್ನು ತೊಡೆಗೆ ಒತ್ತಿ ಹಿಡಿದ.

ಏಟು ದವಡೆಗೆ ಬಿತ್ತು. ಕಬ್ಬಿನ ಗಣಿಕೆ ಮುರಿದಂತೆ ಎರಡು ಕಡೆ ಮುರಿಯಿತು. ಹಲ್ಲು ಹುಡಿಹುಡಿಯಾಗಿ ನಾಲಿಗೆಗೆ ನೆಟ್ಟುಕೊಂಡವು. ಎರಡನೆಯ ಏಟಿಗೆ ಹೆಗಲ ಮೂಳೆ ಹೋಯಿತು. ಮೂರನೆಯದು ಪ್ಲೇಟಿಗೇ ಬಡಿದು ಬ್ಯಾಟು ಸೀಳಿತು. ಉಲ್ಪಿಯಾನೋ ಆ ಸೀಳಿನ ಚೂಪನ್ನು ಗಿಣಿಯ ಗಂಟಲಿಗೆ ಇಟ್ಟ, ಇಟ್ಟವನು ಚುಚ್ಚಲಾರದೆ ಅಮ್ಮಾ ಅಮ್ಮಾ ಎಂದು ಊಳಿಡತೊಡಗಿದ. ಎರಡೂ ತಂಡದವರು ಬಂದು ಬಿದ್ದರು. ಯಾರು ಯಾರನ್ನು ಹೊಡೆದರೆಂದು ಆಮೇಲೆ ಪೊಲೀಸರಿಗೂ ಗೊತ್ತಾಗಲಿಲ್ಲ. ಅವರು ಅಭ್ಯಾಸದಂತೆ ಎಲ್ಲರನ್ನೂ ಹೊಡೆದರು.

ಆಸ್ಪತ್ರೆಯಲ್ಲಿ ಗಿಣಿಯ ಮೇಲಿನ ದವಡೆಯನ್ನೂ ಕೆಳಗಿನದನ್ನೂ ತಂತಿ ಹಾಕಿ ಬಿಗಿದರು. ಪಂಜರ ಈಗ ಬಾಯೊಳಗೇ ಬಂತು. ಕ್ಲಬ್ಬಿನವರು ಹೂ ಕಳಿಸಿ ಕೈ ತೊಳೆದುಕೊಂಡರು. ಉಲ್ಪಿಯಾನೋ ಸೆರೆಮನೆಯಲ್ಲಿದ್ದ. ಗಿಣಿ ಮೈದಾನದಲ್ಲಿ ಏನೋ ಒಪ್ಪಿಕೊಂಡನಂತೆ ಎಂದು ಅಂಪೈರ್ ಹೇಳಿದ್ದು ಊರೆಲ್ಲ ಹರಡಿ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕತೆಯಾಗಿತ್ತು.

ಒಂದು ಮಧ್ಯಾಹ್ನ ಸೆವೆರೋ ಬಂದ. ಕೊರಳಿಗೆ ಕಡಲೆಕಾಯಿಯ ಡಬ್ಬ ನೇತುಹಾಕಿಕೊಂಡೇ ಬಂದಿದ್ದ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಗಿಣಿಯ ಊದಿದ ಮುಖ ನೋಡಿದ. ಆಮೇಲೆ ಒಂದು ಪೊಟ್ಟಣ ತೆಗೆದು, ಬಾಯಿ ಬಿಗಿದವನ ಎದೆಯ ಮೇಲೆ ಇಟ್ಟ.

"ನೀನೇನೋ ಹೇಳ್ದೆಯಂತೆ," ಎಂದ. "ಎಲ್ಲಾರೂ ಕೇಳಿಸ್ಕೊಂಡ್ರು. ನಾನು ಬಾಗ್ಲಲ್ಲಿದ್ದೆ, ನಂಗ್ ಕೇಳಿಸ್ಲಿಲ್ಲ."

ಗಿಣಿ ಬಾಯಿ ತೋರಿಸಿದ, ತಂತಿ ತೋರಿಸಿದ.

"ಅದು ಕಾಣ್ತಿದೆ," ಎಂದ ಸೆವೆರೋ. "ಹೇಳು."

ಅವನು ಡಬ್ಬ ತೊಡೆಯ ಮೇಲಿಟ್ಟುಕೊಂಡು, ಹಳೆಯ ಪೇಪರು ಹರಿದು, ಮೂರು ಬೆರಳಿನಿಂದ ಪೊಟ್ಟಣ ಸುತ್ತತೊಡಗಿದ. ಗಿಣಿ ತಲೆಯನ್ನು ದಿಂಬಿನಿಂದ ಎತ್ತಿದ. ಹಲ್ಲಿಲ್ಲದ ಸಂದಿನಿಂದ ಗಾಳಿ ಹೊರಗೆ ತಳ್ಳಿದ. ಹೊಲಿಗೆ ಬಿಟ್ಟು ರಕ್ತ ಗದ್ದಕ್ಕಿಳಿಯಿತು. ಮೊದಲ ಪದ ಬರಿಯ ಬುಸ್ಸೆಂಬ ಸದ್ದಾಗಿ ಹೋಯಿತು. ಸೆವೆರೋ ಒಂದು ಪೊಟ್ಟಣ ಮುಗಿಸಿ, ತುದಿ ಮಡಿಸಿ, ಇನ್ನೊಂದು ಕಾಗದ ತೆಗೆದುಕೊಂಡ. ಅವನಿಗೆ ಅವಸರವಿರಲಿಲ್ಲ.

ಗಿಣಿ ಮತ್ತೆ ಮೊದಲಿನಿಂದ ಶುರು ಮಾಡಿದ.